ಕಡತದಿಂದ ಸರ್ವರ್‌ಗೆ: ತಂಬ್ರಹಳ್ಳಿ ಸೀಮೆಯ ದಾಖಲೆಗಾವಲು ಮತ್ತು ಸಮುದಾಯ ಕಾಲೇಜಿನ ಕಲಿಕೆ

ಸರ್ವರ್ ಕಾರ್ಯಾಚರಣ ವ್ಯವಸ್ಥೆ ಹಾಗೂ ಜಾಲ ನಿರ್ವಹಣೆಯ ಕಲಿಕೆಯು ಜಾನಪದ ಅಧ್ಯಯನದ ವ್ಯಾಪ್ತಿಗೆ ಬರುವ ವಿಷಯವಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಅದು ತಾಂತ್ರಿಕ ಶಿಕ್ಷಣದ ಒಂದು ಶಾಖೆ. ಪಠ್ಯಕ್ರಮ, ಪ್ರಯೋಗಾಲಯ, ಪ್ರಮಾಣಪತ್ರ ಇವುಗಳಿಂದ ಕೂಡಿದ್ದು. ಆದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಹೋಬಳಿ ಕೇಂದ್ರದಲ್ಲಿ ‘ಸರ್ವರ್’ ಎಂಬ ಪದ ಇಂದು ತಾಂತ್ರಿಕ ಪದವಾಗಿ ಉಳಿದಿಲ್ಲ. ಪಡಿತರ ಅಂಗಡಿಯ ಮುಂದೆ, ನಾಡಕಚೇರಿಯ ಕಿಟಕಿಯ ಬಳಿ, ಗ್ರಾಮೀಣ ಬ್ಯಾಂಕಿನ ಸಾಲಿನಲ್ಲಿ ಅದು ಆಡುಮಾತಾಗಿದೆ. ಹಳ್ಳಿಯವರ ಭೂಮಿ, ಜಾತಿ, ಆದಾಯ, ಅಕ್ಕಿ, ಪಿಂಚಣಿ ಇವೆಲ್ಲದರ ಲೆಕ್ಕ ಈಗ ಸರ್ವರ್‌ನಲ್ಲಿದೆ. ಹಿಂದೆ ಈ ಲೆಕ್ಕ ಕರಣಿಕನ ಕಡತದಲ್ಲಿತ್ತು. ಆದ್ದರಿಂದ ಸರ್ವರ್ ಕಾಯುವ ವಿದ್ಯೆಯ ಚರಿತ್ರೆಯನ್ನು ದಾಖಲೆ ಕಾಯುವ ವಿದ್ಯೆಯ ಚರಿತ್ರೆಯ ಮುಂದಿನ ಅಧ್ಯಾಯವೆಂದು ಓದಬೇಕಾಗುತ್ತದೆ. ದಾಖಲೆ ಎಲ್ಲಿತ್ತು, ಅದನ್ನು ಕಾಯುವ ವಿದ್ಯೆ ಯಾರಲ್ಲಿತ್ತು, ಆ ವಿದ್ಯೆ ಹೇಗೆ ದಾಟಿಬಂತು ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಚರಿತ್ರೆಯನ್ನು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಸೀಮೆ ಮತ್ತು ಅದರ ಆಡಳಿತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಪ್ರದೇಶದ ಆಡಳಿತ ಪದೇ ಪದೇ ಕೈ ಬದಲಿಸಿದೆ. 1800ರಲ್ಲಿ ಹೈದರಾಬಾದಿನ ನಿಜಾಮನು ಇಂದಿನ ಬಳ್ಳಾರಿ, ಕಡಪ, ಅನಂತಪುರ ಭಾಗಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ‘ದತ್ತ ಮಂಡಲ’ವೆಂದು ಕರೆಯಲಾದ ಈ ಭಾಗಕ್ಕೆ ಥಾಮಸ್ ಮನ್ರೊ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದು ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಆ ಬಳಿಕ ಒಂದೂವರೆ ಶತಮಾನ ಈ ಸೀಮೆ ಮದರಾಸು ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಮಲ್ಲಾಪುರ ಉಪತಾಲ್ಲೂಕು ಮೊದಲಾದವು ಮೈಸೂರಿಗೆ ಸೇರಿದವು. ಹರಪನಹಳ್ಳಿಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ಅದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಇಪ್ಪತ್ತೈದು ವರ್ಷಗಳೊಳಗೆ ಮೂರು ಬಾರಿ ಜಿಲ್ಲಾ ಕೇಂದ್ರ ಬದಲಾದ ತಾಲ್ಲೂಕಿನ ರೈತನಿಗೆ ತನ್ನ ಹೊಲ ಅಲ್ಲಿಯೇ ಇದ್ದರೂ ಅದರ ಕಾಗದ ಹುಡುಕಿ ಹೋಗಬೇಕಾದ ಊರು ಬದಲಾಗುತ್ತಲೇ ಬಂದಿದೆ.

ಇದಕ್ಕೆ ತುಂಗಭದ್ರಾ ಜಲಾಶಯವನ್ನೂ ಸೇರಿಸಿಕೊಳ್ಳಬೇಕು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತ ಈ ಜಲಾಶಯ ಹಲವು ಹಳ್ಳಿಗಳನ್ನು ಮುಳುಗಿಸಿತು. ಮುಳುಗಡೆಯಾದ ಊರಿನಲ್ಲಿ ಮನೆ, ಬಣವಿ, ಗುಡಿ ಯಾವುದೂ ಸಾಕ್ಷಿಯಾಗಿ ಉಳಿಯುವುದಿಲ್ಲ. ಪರಿಹಾರಕ್ಕೂ ಬದಲಿ ಭೂಮಿಗೂ ಆಧಾರವಾಗುವುದು ದಾಖಲೆಯೊಂದೇ. ಹಿನ್ನೀರಿನ ಅಂಚಿನ ಈ ಸೀಮೆಯ ಜನರಿಗೆ ‘ಕಾಗದ’ದ ಬಗೆಗಿರುವ ಆತಂಕಕ್ಕೆ ಇಂತಹ ಚಾರಿತ್ರಿಕ ಕಾರಣಗಳಿವೆ.

2. ಕರಣಿಕ, ಕಡತ ಮತ್ತು ನೀರುಗಂಟಿ

ಮದರಾಸು ಆಡಳಿತದ ಜಿಲ್ಲೆಗಳಲ್ಲಿ ಗ್ರಾಮ ಲೆಕ್ಕಿಗನನ್ನು ಕರಣಂ ಅಥವಾ ಕರಣಿಕನೆಂದು ಕರೆಯುತ್ತಿದ್ದರು. ಹಳೆಯ ಮೈಸೂರಿನ ಶ್ಯಾನುಭೋಗ, ಮುಂಬಯಿ ಕರ್ನಾಟಕದ ಕುಲಕರ್ಣಿ ಇವರಿಗೆ ಸಮಾನವಾದ ಹುದ್ದೆಯಿದು. ಹುದ್ದೆ ವಂಶಪಾರಂಪರ್ಯವಾದುದು. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುವುದು ಹಳೆಯ ರೂಢಿ. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಾಗಾಗಿ ಕಡತದ ಪ್ರಾಮಾಣ್ಯ ಅದನ್ನು ಇಟ್ಟುಕೊಂಡವನ ಪ್ರಾಮಾಣ್ಯವೇ ಆಗಿತ್ತು. ಕರ್ನಲ್ ಕಾಲಿನ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದತ್ತ ಮಂಡಲದ ಊರುಗಳಿಂದ ಕೈಫಿಯತ್ತುಗಳನ್ನು ಬರೆಯಿಸಿಕೊಂಡಾಗ ಅವನ ಸಹಾಯಕರು ಅವಲಂಬಿಸಿದ್ದು ಬಹುಮಟ್ಟಿಗೆ ಇಂತಹ ಗ್ರಾಮ ಲೆಕ್ಕಿಗರ ಕವಿಲೆ, ಕಡತ ಮತ್ತು ನೆನಪುಗಳನ್ನೇ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಊರಿನ ಚರಿತ್ರೆ, ಊರಿನ ಲೆಕ್ಕ, ಊರಿನ ಕಥೆ ಈ ಮೂರೂ ಒಂದೇ ಮನೆಯ ಅಟ್ಟದ ಮೇಲೆ ಇರುತ್ತಿದ್ದವು ಎಂಬುದಕ್ಕೆ ಕೈಫಿಯತ್ತುಗಳೇ ಸಾಕ್ಷಿ.

ದಾಖಲೆ ಊರಿನಲ್ಲಿಯೇ ಇತ್ತೆಂದ ಮಾತ್ರಕ್ಕೆ ಅದು ಊರಿನದಾಗಿತ್ತೆಂದು ಹೇಳಲಾಗದು. ಕರಣಿಕನ ವಿದ್ಯೆ ತಂದೆಯಿಂದ ಮಗನಿಗೆ ದಾಟುತ್ತಿತ್ತು. ಬಹುಪಾಲು ಒಂದೇ ಜಾತಿಯ ಒಳಗೆ ಉಳಿಯುತ್ತಿತ್ತು. ಮೋಡಿ ಅಕ್ಷರ, ಸಂಕೇತ ರೂಪದ ಅಳತೆಗಳು, ಕಾಲು ಅರೆ ಮುಕ್ಕಾಲುಗಳ ಚಿಹ್ನೆಗಳು ಉಳಿದವರಿಗೆ ಓದಲು ಬಾರದಂತಿದ್ದವು. ಗ್ರಾಮ ಲೆಕ್ಕಿಗನನ್ನು ಕುರಿತ ನಮ್ಮ ಗಾದೆಗಳಲ್ಲಿ ಮೆಚ್ಚುಗೆಗಿಂತ ಸಂಶಯವೇ ಹೆಚ್ಚಾಗಿರುವುದು ಆಕಸ್ಮಿಕವಲ್ಲ.

ಇದೇ ಆಯಗಾರ ವ್ಯವಸ್ಥೆಯೊಳಗೆ ನೀರುಗಂಟಿಯೂ ಇದ್ದನು. ಕೆರೆಯ ತೂಬು ತೆರೆಯುವುದು, ಕಾಲುವೆಯ ಸರದಿ ಕಾಯುವುದು, ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ಆಯವಾಗಿ ಕಾಳು ಪಡೆಯುವುದು ಅವನ ಹಕ್ಕು. ಕರಣಿಕನ ವಿದ್ಯೆ ಬರಹದ್ದಾದರೆ ನೀರುಗಂಟಿಯ ವಿದ್ಯೆ ಕಣ್ಣು, ಕಿವಿ ಮತ್ತು ಕೈಯದು. ಸರ್ವರ್ ಮತ್ತು ಜಾಲದ ನಿರ್ವಾಹಕನ ಕೆಲಸವನ್ನು ಗಮನಿಸಿದರೆ ಈ ಎರಡೂ ಹುದ್ದೆಗಳು ಅಲ್ಲಿ ಕೂಡಿರುವುದು ಕಾಣುತ್ತದೆ. ಯಾರು ಯಾವ ದಾಖಲೆಯನ್ನು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ನಿಗದಿಪಡಿಸುವುದು ಕರಣಿಕನ ಪಾಲು. ಸೀಮಿತವಾದ ಹರಿವನ್ನು ಎಲ್ಲ ಬಳಕೆದಾರರಿಗೂ ಮುಟ್ಟಿಸುವುದು, ಎಲ್ಲಿ ಕಟ್ಟಿಕೊಂಡಿದೆ ಎಂದು ಪತ್ತೆಹಚ್ಚುವುದು ನೀರುಗಂಟಿಯ ಪಾಲು. ಈ ಹೋಲಿಕೆಗೆ ಒಂದು ಮಿತಿಯಿದೆ. ನೀರುಗಂಟಿ ಊರಿನ ಕಣ್ಣೆದುರಿಗಿದ್ದನು, ಅವನ ತಪ್ಪನ್ನು ಊರು ಆ ದಿನವೇ ಕೇಳಬಹುದಾಗಿತ್ತು. ಸರ್ವರ್ ನಿರ್ವಾಹಕನು ಹಳ್ಳಿಯವರ ಕಣ್ಣಿಗೆ ಬೀಳುವುದಿಲ್ಲ.

ಮೈಸೂರು ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1961ರಲ್ಲಿ ಅಂಗೀಕಾರವಾಗಿ 1963ರಲ್ಲಿ ಜಾರಿಗೆ ಬಂದಾಗ ಈ ವಂಶಪಾರಂಪರ್ಯ ಹುದ್ದೆಗಳು ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡವು. ಅವುಗಳ ಸ್ಥಾನದಲ್ಲಿ ನೇಮಕಾತಿಯ ಮೂಲಕ ಬಂದ ಗ್ರಾಮ ಲೆಕ್ಕಿಗನು ವರ್ಗಾವಣೆಯಾಗುವ ಸರ್ಕಾರಿ ನೌಕರ. ಪಹಣಿ ಕರಣಿಕನ ಅಟ್ಟದಿಂದ ಇಳಿದು ಲೆಕ್ಕಿಗನ ಚೀಲ ಸೇರಿತು. ಊರಿನಿಂದ ದಾಖಲೆ ದೂರವಾಗುವ ಪ್ರಕ್ರಿಯೆಯ ಮೊದಲ ಹೆಜ್ಜೆಯಿದು. ಹುಟ್ಟಿನ ಆಧಾರದ ಮೇಲೆ ವಿದ್ಯೆಯನ್ನು ನಿರಾಕರಿಸುವ ಕ್ರಮ ಸಡಿಲಗೊಂಡ ಮೊದಲ ಹೆಜ್ಜೆಯೂ ಇದೇ. ಈ ಎರಡು ಸಂಗತಿಗಳನ್ನು ಬೇರ್ಪಡಿಸದೆ ನೋಡುವುದು ಅಗತ್ಯ.

3. 1823ರ ಬಳ್ಳಾರಿ ವರದಿ ಮತ್ತು ಕಂಠಪಾಠದ ಪ್ರಶ್ನೆ

ಈ ಸೀಮೆಯ ಕಲಿಕೆಯ ಚರಿತ್ರೆಯಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಮುಖ್ಯವಾದ ಆಕರ. ಧರ್ಮಪಾಲ್ ಅವರು 1983ರ ತಮ್ಮ ಗ್ರಂಥದಲ್ಲಿ ಇದನ್ನು ಮರುಮುದ್ರಿಸಿದ ನಂತರ ಅದು ವ್ಯಾಪಕ ಚರ್ಚೆಗೆ ಒಳಗಾಯಿತು. ಅಂದಿನ ವಿಶಾಲ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದುದಾಗಿ ಈ ವರದಿ ಲೆಕ್ಕ ಕೊಡುತ್ತದೆ. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮುಂದಿನ ಹಂತದ ವಿದ್ಯಾರ್ಥಿ ಹಿಂದಿನವನಿಗೆ ಹೇಳಿಕೊಡುವುದು ಮುಂತಾದ ಕೂಲಿಮಠಗಳ ಕ್ರಮಗಳನ್ನು ಕ್ಯಾಂಪ್‌ಬೆಲ್ ವಿವರಿಸಿದ್ದಾನೆ.

ಆದರೆ ಅವನ ವರದಿಯಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಿಸಿದ ಭಾಗ ಬೇರೆಯಿದೆ. ಶಾಲೆಗಳಲ್ಲಿ ಓದಿಸುವ ಪುಸ್ತಕಗಳು ಕಾವ್ಯಭಾಷೆಯಲ್ಲಿದ್ದು ಅವು ಆಡುಭಾಷೆಗಿಂತ ತೀರ ಭಿನ್ನವಾದುವೆಂದೂ, ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆಂದೂ, ಎಷ್ಟೋ ವೇಳೆ ಉಪಾಧ್ಯಾಯನಿಗೇ ಅರ್ಥ ಹೇಳಲು ಬಾರದೆಂದೂ ಅವನು ದೂರುತ್ತಾನೆ. ವಸಾಹತು ಅಧಿಕಾರಿಯ ಈ ಮಾತನ್ನು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಮೌಖಿಕ ಪರಂಪರೆಯಲ್ಲಿ ಕಂಠಪಾಠವೆಂಬುದು ಅರ್ಥಕ್ಕೆ ಮೊದಲು ಬರುವ ಹಂತ. ಮಗ್ಗಿಯನ್ನು ಮೊದಲು ಬಾಯಿಗೆ ತಂದುಕೊಂಡು ನಂತರ ಸಂತೆಯಲ್ಲಿ ಅದನ್ನು ಬಳಸುವ ಕ್ರಮ ಅದು. ಹಾಗಿದ್ದರೂ ಬಾಯಿಪಾಠದಿಂದ ಅರ್ಥಕ್ಕೆ ದಾಟುವ ಎರಡನೆಯ ಹಂತ ಎಷ್ಟು ಮಂದಿಗೆ ಒದಗಿತು ಎಂಬ ಪ್ರಶ್ನೆ ಉಳಿಯುತ್ತದೆ. ಎರಡು ಶತಮಾನಗಳ ನಂತರ ಸರ್ವರ್ ತರಗತಿಯಲ್ಲಿಯೂ ಇದೇ ಪ್ರಶ್ನೆ ಮರಳಿ ಬರುತ್ತದೆ.

4. ದಾಖಲೆಯ ವಲಸೆ: ತಾಲ್ಲೂಕು ಕಚೇರಿಯಿಂದ ದತ್ತಾಂಶ ಕೇಂದ್ರಕ್ಕೆ

ಕರ್ನಾಟಕ ಸರ್ಕಾರ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ 2001ರ ಹೊತ್ತಿಗೆ ರಾಜ್ಯದಾದ್ಯಂತ ವಿಸ್ತರಿಸಿದ ‘ಭೂಮಿ’ ಯೋಜನೆ ಈ ಚರಿತ್ರೆಯ ದೊಡ್ಡ ತಿರುವು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಗಳ ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ನೀಡುವ ವ್ಯವಸ್ಥೆ ಬಂತು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟ ನಂತರವೇ ಯಂತ್ರದೊಳಗೆ ಪ್ರವೇಶಿಸಬೇಕಾಗಿತ್ತು. ಯಾರು ಯಾವಾಗ ತಿದ್ದಿದರು ಎಂಬುದು ಅಳಿಸಲಾಗದಂತೆ ಉಳಿಯುವುದು ಕಡತದ ಕಾಲಕ್ಕೆ ಹೋಲಿಸಿದರೆ ನಿಜವಾದ ಬದಲಾವಣೆ. ಗಣಕ ಕೇಂದ್ರಗಳನ್ನು ನಡೆಸಲು ಗ್ರಾಮ ಲೆಕ್ಕಿಗರಿಗೇ ತರಬೇತಿ ಕೊಡಲಾಯಿತು. ಹೀಗೆ ಕರಣಿಕನ ಉತ್ತರಾಧಿಕಾರಿ ಮೊದಲ ಬಾರಿಗೆ ಸರ್ವರ್‌ನ ಎದುರು ಕುಳಿತನು. ಆದರೆ ಅವನಿಗೆ ದೊರೆತದ್ದು ಬಳಕೆದಾರನ ತರಬೇತಿ, ಕಾಪಿನವನ ತರಬೇತಿಯಲ್ಲ.

ನಂತರದ ವರ್ಷಗಳಲ್ಲಿ ರಾಜ್ಯವ್ಯಾಪಿ ಜಾಲ ಕೆಸ್ವಾನ್ ಮತ್ತು ರಾಜ್ಯ ದತ್ತಾಂಶ ಕೇಂದ್ರಗಳು ಬೆಳೆದಂತೆ ದಾಖಲೆಗಳು ತಾಲ್ಲೂಕಿನಿಂದ ಬೆಂಗಳೂರಿನ ಕೇಂದ್ರೀಕೃತ ಸರ್ವರ್‌ಗಳಿಗೆ ಸರಿದವು. 2012ರ ಕೊನೆಯಲ್ಲಿ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದವು. ಕೇಂದ್ರ ಸರ್ಕಾರ 2011ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಮುಂದೆ ‘ಭಾರತ್‌ನೆಟ್’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳ ತನಕ ಕೇಬಲ್ ಎಳೆಯುವ ಕೆಲಸ ಕೈಗೊಂಡಿತು. 2022ರಿಂದ ಗ್ರಾಮ ಒನ್ ಕೇಂದ್ರಗಳು ವಿಸ್ತರಿಸಿದವು. 2024ರಲ್ಲಿ ಆರಂಭವಾದ ಭೂಸುರಕ್ಷಾ ಯೋಜನೆ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿದ್ದ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡತೊಡಗಿತು.

ಈ ಬೆಳವಣಿಗೆಯಲ್ಲಿ ಒಂದು ವಿರೋಧಾಭಾಸವಿದೆ. ಸೇವೆಯ ಕಿಟಕಿ ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಗ್ರಾಮಕ್ಕೆ ಹತ್ತಿರ ಹತ್ತಿರ ಬಂದಿದೆ. ದಾಖಲೆಯನ್ನು ಕಾಯುವ ಜಾಗವೂ ಅದನ್ನು ಕಾಯಲು ಬೇಕಾದ ವಿದ್ಯೆಯೂ ದೂರ ದೂರ ಹೋಗಿವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಮುಷ್ಕರ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಒಂದು ಹಲವಾರು ಮೊಬೈಲ್ ಆ್ಯಪ್‌ಗಳ ಕೆಲಸವನ್ನು ಸೂಕ್ತ ಸಲಕರಣೆಗಳಿಲ್ಲದೆ ಹೊರಿಸಲಾಗಿದೆ ಎಂಬುದಾಗಿತ್ತು. ಊರಿನ ಲೆಕ್ಕ ಬರೆಯುವವನೇ ಲೆಕ್ಕವಿರುವ ಯಂತ್ರದ ಮುಂದೆ ಅಸಹಾಯಕನಾದ ಸ್ಥಿತಿಯನ್ನು ಈ ದೂರು ಸೂಚಿಸುತ್ತದೆ.

5. ಸರ್ವರ್ ವಿದ್ಯೆಯ ಹಾದಿಗಳು

ಸರ್ವರ್ ಕಾಯುವ ವಿದ್ಯೆ ಆರಂಭದಲ್ಲಿ ವಿಶ್ವವಿದ್ಯಾಲಯ ಮತ್ತು ಸಂಶೋಧನಾಲಯಗಳ ಒಳಗಿನದು. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1991ರಲ್ಲಿ ಲಿನಕ್ಸ್ ಬಂತು. 1993ರಲ್ಲಿ ವಿಂಡೋಸ್ ಎನ್‌ಟಿ ಬಂತು. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆಯಿತು. ತೊಂಬತ್ತರ ದಶಕದಲ್ಲಿ ನೋವೆಲ್, ಮೈಕ್ರೋಸಾಫ್ಟ್, ಸಿಸ್ಕೋ, ರೆಡ್ ಹ್ಯಾಟ್ ಕಂಪನಿಗಳು ತಮ್ಮ ತಮ್ಮ ಪ್ರಮಾಣಪತ್ರಗಳನ್ನು ರೂಢಿಗೆ ತಂದವು. ಕಂಪನಿಯೇ ಗುರು, ಕಂಪನಿಯೇ ಪರೀಕ್ಷಕ ಎಂಬ ಈ ಕ್ರಮ ನಗರಗಳ ಖಾಸಗಿ ತರಬೇತಿ ಕೇಂದ್ರಗಳ ಮೂಲಕ ಹರಡಿತು. ಶುಲ್ಕ ದುಬಾರಿಯಾಗಿದ್ದುದರಿಂದ ಮಳೆಯಾಶ್ರಿತ ಬೇಸಾಯದ ಕುಟುಂಬಗಳ ಮಕ್ಕಳಿಗೆ ಅದು ಎಟುಕುವಂತಿರಲಿಲ್ಲ.

ಸರ್ಕಾರಿ ಹಾದಿಗಳೂ ಇದ್ದವು. 1990ರ ಡೋಯಾಕ್ ಯೋಜನೆ ‘ಓ’ ಹಂತದಿಂದ ‘ಸಿ’ ಹಂತದವರೆಗೆ ಪರೀಕ್ಷೆಗಳನ್ನು ನಡೆಸಿತು. ಆ ಸಂಸ್ಥೆ 2011ರಲ್ಲಿ ನೀಲಿಟ್ ಎಂಬ ಹೆಸರು ಪಡೆಯಿತು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಗಣಕ ನಿರ್ವಾಹಕ ಮತ್ತು ಪ್ರೋಗ್ರಾಮಿಂಗ್ ಸಹಾಯಕ, ಗಣಕ ಯಂತ್ರಾಂಶ ಮತ್ತು ಜಾಲ ನಿರ್ವಹಣೆ ಎಂಬ ವೃತ್ತಿಗಳು ಸೇರಿದವು. ಪದವಿಪೂರ್ವ ಹಂತದಲ್ಲಿ ಎಪ್ಪತ್ತರ ದಶಕದ ಕೊನೆಯಿಂದ ನಡೆದುಬಂದ ವೃತ್ತಿಶಿಕ್ಷಣದ ಜೆಒಸಿ ತರಗತಿಗಳು 2011ರ ಸುಮಾರಿಗೆ ಮುಚ್ಚಿ, ಅವುಗಳ ಸಿಬ್ಬಂದಿ ಬೇರೆ ಇಲಾಖೆಗಳಲ್ಲಿ ವಿಲೀನವಾದರು. ಹಳ್ಳಿಯ ಪಕ್ಕದ ಕಾಲೇಜಿನಲ್ಲಿ ಕೈಕೆಲಸದ ವಿದ್ಯೆ ಸಿಗುವ ಒಂದು ಬಾಗಿಲು ಹೀಗೆ ಮುಚ್ಚಿತು. ಹೂವಿನಹಡಗಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಹೊಸಪೇಟೆ ಮತ್ತು ಬಳ್ಳಾರಿಯ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಪದವಿಯ ಹಾದಿಯನ್ನು ತೆರೆದಿವೆ. ಆದರೆ ನಾಲ್ಕು ವರ್ಷಗಳ ಪದವಿಯೇ ಬೇರೆ, ಒಂದು ವರ್ಷದಲ್ಲಿ ಕಲಿತು ಊರಿನಲ್ಲಿಯೇ ಬಳಸಬಹುದಾದ ವಿದ್ಯೆಯೇ ಬೇರೆ.

ಸಮುದಾಯ ಕಾಲೇಜಿನ ಕಲ್ಪನೆ ಈ ಅಂತರವನ್ನು ತುಂಬಲೆಂದೇ ಬಂದದ್ದು. ಅಮೆರಿಕದಲ್ಲಿ 1901ರ ಜೋಲಿಯೆಟ್ ಜೂನಿಯರ್ ಕಾಲೇಜಿನಿಂದ ಆರಂಭವಾದ ಈ ಪರಂಪರೆ, 1947ರ ಟ್ರೂಮನ್ ಆಯೋಗದ ವರದಿಯ ನಂತರ ಆ ಹೆಸರಿನಿಂದ ಪ್ರಚುರವಾಯಿತು. ಮನೆಯಿಂದ ಹೋಗಿಬರುವಷ್ಟು ಹತ್ತಿರ, ಕಡಿಮೆ ಶುಲ್ಕ, ವಯಸ್ಸಿನ ನಿರ್ಬಂಧವಿಲ್ಲದ ಪ್ರವೇಶ, ಸ್ಥಳೀಯ ಉದ್ಯೋಗಕ್ಕೆ ಹೊಂದುವ ಪಠ್ಯ ಇವು ಅದರ ಲಕ್ಷಣಗಳು. ಅಲ್ಲಿನ ಜಾಲ ನಿರ್ವಹಣೆಯ ಶಿಕ್ಷಣದಲ್ಲಿ ಸಮುದಾಯ ಕಾಲೇಜುಗಳದು ದೊಡ್ಡ ಪಾಲು. ನಮ್ಮಲ್ಲಿ 1978–79ರಲ್ಲಿ 36 ಪಾಲಿಟೆಕ್ನಿಕ್‌ಗಳಲ್ಲಿ ಆರಂಭವಾದ ಸಮುದಾಯ ಪಾಲಿಟೆಕ್ನಿಕ್ ಯೋಜನೆ ಇದಕ್ಕೆ ಸಮೀಪವಾದ ಪ್ರಯತ್ನ. ಸಮುದಾಯ ಕಾಲೇಜು ಎಂಬ ಹೆಸರಿನ ಸಂಸ್ಥೆ 1995ರಲ್ಲಿ ಪಾಂಡಿಚೇರಿಯಲ್ಲಿ, 1996ರಲ್ಲಿ ಮದರಾಸಿನಲ್ಲಿ ಹುಟ್ಟಿತು. 2009ರಲ್ಲಿ ಇಗ್ನೊ ಕೈಗೊಂಡ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. 2013–14ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳೊಳಗೇ ಸಮುದಾಯ ಕಾಲೇಜುಗಳನ್ನು ನಡೆಸುವ ಯೋಜನೆ ರೂಪಿಸಿತು. ಅದೇ 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾಯಿತು. ಯೋಜನೆಗಳು ಬಂದು ಹೋದುದನ್ನು ಇಲ್ಲಿ ಉದ್ದಕ್ಕೂ ಕಾಣುತ್ತೇವೆ. ಒಂದು ವಿದ್ಯೆ ನೆಲಕ್ಕೆ ಬೇರು ಬಿಡಲು ಎರಡು ತಲೆಮಾರು ಬೇಕು. ಯೋಜನೆಗಳ ಆಯುಷ್ಯ ಸಾಮಾನ್ಯವಾಗಿ ಐದು ವರ್ಷ.

6. ತರಗತಿಯೊಳಗಿನ ಮೌಖಿಕತೆ

ಸರ್ವರ್ ತರಗತಿಯ ಪಠ್ಯವನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು: ಕೇಬಲ್ ಜೋಡಣೆ, ಐಪಿ ವಿಳಾಸಗಳ ಹಂಚಿಕೆ, ಸರ್ವರ್ ಕಾರ್ಯಾಚರಣ ವ್ಯವಸ್ಥೆಯ ಸ್ಥಾಪನೆ, ಬಳಕೆದಾರರ ಖಾತೆ ಮತ್ತು ಅನುಮತಿಗಳು, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಸೇವೆ, ದಿನವಹಿ ಅಥವಾ ಲಾಗ್‌ಗಳ ಪರಿಶೀಲನೆ, ದಾಖಲೆಗಳ ಬ್ಯಾಕಪ್. ಇವುಗಳಲ್ಲಿ ಪುಸ್ತಕದಿಂದ ಬರುವುದು ಅರ್ಧ. ಉಳಿದರ್ಧ ಪಕ್ಕದಲ್ಲಿ ಕುಳಿತವನಿಂದ ಬರುತ್ತದೆ. ಕೇಬಲ್‌ನ ಎಂಟು ತಂತಿಗಳನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಅನುಕ್ರಮದಲ್ಲಿ ಜೋಡಿಸಬೇಕು. ಇದನ್ನು ಯಾರೂ ನಿಯಮವಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಜಾಲದ ಏಳು ಪದರಗಳ ಹೆಸರನ್ನು ನೆನಪಿಡಲು ಜಗತ್ತಿನ ಎಲ್ಲೆಡೆಯ ವಿದ್ಯಾರ್ಥಿಗಳು ಮೊದಲಕ್ಷರಗಳಿಂದ ತಮಾಷೆಯ ವಾಕ್ಯಗಳನ್ನು ಕಟ್ಟಿಕೊಂಡಿದ್ದಾರೆ. ಕರ್ತೃವಿಲ್ಲದೆ, ಪಾಠಾಂತರಗಳೊಂದಿಗೆ ಹರಡುವ ಇಂತಹ ವಾಕ್ಯಗಳು ಜಾನಪದದ ಲಕ್ಷಣಗಳನ್ನು ಪೂರ್ಣವಾಗಿ ಹೊಂದಿವೆ. ಮುಂದಿನ ಹಂತದವನು ಹಿಂದಿನವನಿಗೆ ಕಲಿಸುವ ಕೂಲಿಮಠದ ಕ್ರಮವೂ ಪ್ರಯೋಗಾಲಯದಲ್ಲಿ ತಾನಾಗಿಯೇ ಮರುಹುಟ್ಟು ಪಡೆಯುತ್ತದೆ.

ಭಾಷೆಯ ಪ್ರಶ್ನೆ ಇಲ್ಲಿ ಸೂಕ್ಷ್ಮವಾದುದು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಂಗ್ಲಿಷಿನ ಆಜ್ಞೆಗಳೇ ಅಡ್ಡಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವವಾಗಿ ಲಿನಕ್ಸ್‌ನ ‘ಎಲ್‌ಎಸ್’, ‘ಸಿಎಚ್‌ಮಾಡ್’, ‘ಗ್ರೆಪ್’ ಮುಂತಾದ ಆಜ್ಞೆಗಳು ಯಾವ ಇಂಗ್ಲಿಷ್ ಮನೆಯಲ್ಲಿಯೂ ಆಡುವ ಮಾತುಗಳಲ್ಲ. ಅವು ಕಡಿಮೆ ಅಕ್ಷರ ಒತ್ತಿದರೆ ಸಾಕೆಂಬ ಟೆಲಿಟೈಪ್ ಕಾಲದ ಸಂಕ್ಷೇಪಗಳು. ಎಲ್ಲರೂ ಹೊಸದಾಗಿಯೇ ಕಲಿಯಬೇಕಾದವು. ಕರಣಿಕನ ಮುಕ್ಕಾಲು ಅರೆಕಾಲುಗಳ ಚಿಹ್ನೆಗಳಂತೆ ಅವೂ ಒಂದು ಕಸುಬಿನ ಗುಪ್ತಲಿಪಿ. ಅಡ್ಡಿಯಿರುವುದು ಬೇರೆಡೆ. ಯಂತ್ರ ಕೆಟ್ಟಾಗ ಅದು ಕೊಡುವ ದೋಷಸೂಚನೆ, ಆ ದೋಷವನ್ನು ವಿವರಿಸುವ ಕೈಪಿಡಿ, ಪರೀಕ್ಷೆಯ ಪ್ರಶ್ನೆ ಇವು ಇಂಗ್ಲಿಷಿನ ಪೂರ್ಣ ವಾಕ್ಯಗಳಲ್ಲಿರುತ್ತವೆ. ಆಜ್ಞೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಎಲ್ಲವೂ ಸರಿಯಾಗಿರುವವರೆಗೆ ಕೆಲಸ ಮಾಡಬಲ್ಲನು, ಕೆಟ್ಟಾಗ ನಿಲ್ಲುತ್ತಾನೆ. ಸರ್ವರ್ ನಿರ್ವಾಹಕ ಬೇಕಾಗುವುದೋ ಕೆಟ್ಟಾಗಲೇ. 1823ರಲ್ಲಿ ಕ್ಯಾಂಪ್‌ಬೆಲ್ ಕಾವ್ಯಭಾಷೆಯ ಬಗ್ಗೆ ಎತ್ತಿದ ದೂರು ಇಲ್ಲಿ ಹೊಸ ರೂಪದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಬೇಕಾದದ್ದು ಆಜ್ಞೆಗಳ ಅನುವಾದವಲ್ಲ. ಕೆಟ್ಟದ್ದನ್ನು ಹೇಗೆ ಹುಡುಕಬೇಕು ಎಂಬ ವಿವರಣೆಯ ಗದ್ಯ. ನುಡಿ, ಬರಹ ತಂತ್ರಾಂಶಗಳೂ ಯುನಿಕೋಡ್ ಕೂಡ ಕನ್ನಡದಲ್ಲಿ ಬರೆಯುವುದನ್ನು ಸಾಧ್ಯವಾಗಿಸಿ ಎರಡು ದಶಕಗಳೇ ಕಳೆದಿವೆ. ಯಂತ್ರವನ್ನು ಕುರಿತು ಕನ್ನಡದಲ್ಲಿ ಯೋಚಿಸುವ ಪಠ್ಯಗಳು ಆ ಪ್ರಮಾಣದಲ್ಲಿ ಬೆಳೆದಿಲ್ಲ.

7. ‘ಸರ್ವರ್ ಇಲ್ಲ’ ಎಂಬ ಮಾತು

ಈ ಸೀಮೆಯ ಆಡುಮಾತಿನಲ್ಲಿ ಸರ್ವರ್ ‘ಬರುತ್ತದೆ’, ‘ಹೋಗುತ್ತದೆ’. ಸರ್ವರ್ ಬಂತೇನು, ಸರ್ವರ್ ಹೋತು, ಇವತ್ತು ಸರ್ವರ್ ಇಲ್ಲ ಎಂಬ ಪ್ರಯೋಗಗಳು ಕರೆಂಟು, ಬಸ್ಸು, ಮಳೆ ಇವುಗಳಿಗೆ ಬಳಸುವ ಕ್ರಿಯಾಪದಗಳನ್ನೇ ಬಳಸುತ್ತವೆ. ಅಂದರೆ ಸರ್ವರ್ ಎಂಬುದು ಯಾರೋ ಇಟ್ಟುಕೊಂಡು ಕಾಯುವ ವಸ್ತುವಾಗಿ ಜನರ ಮನಸ್ಸಿನಲ್ಲಿಲ್ಲ. ಬಂದರೆ ಬಂತು, ಬಾರದಿದ್ದರೆ ಕಾಯಬೇಕಾದ ಶಕ್ತಿಯಾಗಿದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗಾಗಿ ಮಹಿಳೆಯರು ಕೇಂದ್ರಗಳ ಮುಂದೆ ಸಾಲುಗಟ್ಟಿದಾಗ ಈ ಮಾತು ರಾಜ್ಯದಾದ್ಯಂತ ಕೇಳಿಬಂತು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶಕ್ಕೆ ಹೊರಗಿನಿಂದ ಕೃತಕ ಕೋರಿಕೆಗಳ ದಾಳಿ ನಡೆದು ಆಸ್ತಿ ನೋಂದಣಿ ಕುಂಠಿತವಾದಾಗಲೂ ಉಪನೋಂದಣಿ ಕಚೇರಿಗಳ ಮುಂದೆ ಕಾದವರಿಗೆ ಎಟುಕಿದ ವಿವರಣೆ ಅದೇ ಎರಡು ಪದಗಳದು.

ಆದರೆ ಈ ಎರಡು ಪದಗಳ ಹಿಂದೆ ಕನಿಷ್ಠ ಐದು ಬೇರೆ ಬೇರೆ ಸಂಗತಿಗಳು ಅಡಗಿವೆ. ಊರಿನಲ್ಲಿ ವಿದ್ಯುತ್ ಇಲ್ಲದಿರಬಹುದು. ಕೇಬಲ್ ಅಥವಾ ಮೊಬೈಲ್ ಸಂಪರ್ಕ ಕಡಿದಿರಬಹುದು. ಹೊಲದ ಕೆಲಸದಿಂದ ಸವೆದ ಬೆರಳನ್ನು ಯಂತ್ರ ಗುರುತಿಸದಿರಬಹುದು. ಒಂದೇ ಹೊತ್ತಿಗೆ ಲಕ್ಷಾಂತರ ಕೋರಿಕೆಗಳು ಬಂದು ಕೇಂದ್ರದಲ್ಲಿ ದಟ್ಟಣೆಯಾಗಿರಬಹುದು. ಕೇಂದ್ರದ ಯಂತ್ರವೇ ಕೆಟ್ಟಿರಬಹುದು. ಮೊದಲ ಎರಡಕ್ಕೆ ಪರಿಹಾರ ಹೋಬಳಿಯಲ್ಲಿದೆ, ಮೂರನೆಯದಕ್ಕೆ ಪರ್ಯಾಯ ಗುರುತಿನ ನಿಯಮದಲ್ಲಿದೆ, ಕೊನೆಯ ಎರಡಕ್ಕೆ ಬೆಂಗಳೂರಿನಲ್ಲಿದೆ. ಜಾಲ ನಿರ್ವಹಣೆಯ ತರಗತಿ ಮೊದಲ ತಿಂಗಳಲ್ಲಿ ಕಲಿಸುವುದು ಇದನ್ನೇ. ಹತ್ತಿರದ ಸಾಧನಕ್ಕೆ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡು, ನಂತರ ಅದರಾಚೆಗಿನದಕ್ಕೆ, ಆಮೇಲೆ ದೂರದ್ದಕ್ಕೆ. ಎಲ್ಲಿ ಉತ್ತರ ನಿಲ್ಲುತ್ತದೆಯೋ ಅಲ್ಲಿ ಹುಡುಕು. ನೀರುಗಂಟಿ ಕಾಲುವೆಯ ಗುಂಟ ನಡೆದು ಒಡಕನ್ನು ಹುಡುಕುತ್ತಿದ್ದ ಕ್ರಮಕ್ಕೂ ಇದಕ್ಕೂ ತಾತ್ವಿಕವಾಗಿ ಭೇದವಿಲ್ಲ. ಈ ವಿದ್ಯೆ ಬಲ್ಲ ಒಬ್ಬ ಹುಡುಗಿಯೋ ಹುಡುಗನೋ ಸಾಲಿನಲ್ಲಿದ್ದರೆ ‘ಸರ್ವರ್ ಇಲ್ಲ’ ಎಂಬ ಮಾತು ಸಂಭಾಷಣೆಯ ಕೊನೆಯಾಗುವುದಿಲ್ಲ, ‘ಎಲ್ಲಿ ನಿಂತಿದೆ?’ ಎಂಬ ಮುಂದಿನ ಪ್ರಶ್ನೆಗೆ ದಾರಿಯಾಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದವರ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ.

8. ಎರಡು ನಿದರ್ಶನಗಳು

ಇಂತಹ ಕಲಿಕೆ ಔಪಚಾರಿಕ ಕಾಲೇಜಿನ ಹೊರಗೂ ಸಾಧ್ಯವೆಂಬುದಕ್ಕೆ ಕರ್ನಾಟಕದಲ್ಲಿ ನಿದರ್ಶನಗಳಿವೆ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ 2000ದ ದಶಕದ ಕೊನೆಯ ಭಾಗದಲ್ಲಿ ಕೆಲಸ ಮಾಡಿದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವು ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರ ನೆರವಿನಿಂದ, ದಾನವಾಗಿ ಬಂದ ಯಂತ್ರಗಳಲ್ಲಿ ಗ್ನು/ಲಿನಕ್ಸ್ ಅಳವಡಿಸಿ ಅಲ್ಲಿನ ಮಕ್ಕಳಿಗೆ ಗಣಕ ಕಲಿಸಿತು. ಪರವಾನಗಿ ಶುಲ್ಕವಿಲ್ಲದ, ಒಳಗನ್ನು ಬಿಚ್ಚಿ ನೋಡಲು ಬಿಡುವ ತಂತ್ರಾಂಶವಿಲ್ಲದಿದ್ದರೆ ಈ ಪ್ರಯೋಗ ಸಾಧ್ಯವಾಗುತ್ತಿರಲಿಲ್ಲ. ಎರಡನೆಯದು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಲ ಹಳ್ಳಿಗಳಲ್ಲಿ ಜನಸ್ತು ಸಂಸ್ಥೆ ರೂಪಿಸಿದ ಸಮುದಾಯ ಒಡೆತನದ ನಿಸ್ತಂತು ಜಾಲ. ಇಲ್ಲಿ ಸಣ್ಣ ಗಣಕವೇ ಊರಿನ ಸರ್ವರ್. ಸ್ಥಳೀಯರು ಧ್ವನಿಮುದ್ರಿಸಿದ ಕಥೆ, ಮಾತು, ಅನುಭವಗಳು ಹೊರಗಿನ ಇಂಟರ್‌ನೆಟ್ ಇಲ್ಲದಿದ್ದರೂ ಊರೊಳಗೇ ಸಿಗುತ್ತವೆ. ಅಕ್ಷರಕ್ಕಿಂತ ಧ್ವನಿಗೆ ಮೊದಲ ಸ್ಥಾನ ಕೊಟ್ಟ ಈ ಪ್ರಯೋಗ ಜಾನಪದ ಸಂಗ್ರಹಕಾರರಿಗೂ ಪಾಠವಾಗಬಲ್ಲದು. ನಾವು ಹಾಡು ಕಥೆಗಳನ್ನು ಮುದ್ರಿಸಿಕೊಂಡು ವಿಶ್ವವಿದ್ಯಾಲಯಗಳಿಗೆ ಒಯ್ದಿದ್ದೇವೆ; ಹಾಡಿದವರ ಊರಿನಲ್ಲಿ ಅದರ ಪ್ರತಿ ಉಳಿಯುವ ವ್ಯವಸ್ಥೆ ಮಾಡಿದ್ದು ಕಡಿಮೆ. ಸರ್ವರ್ ವಿದ್ಯೆ ಹಳ್ಳಿಯಲ್ಲಿದ್ದರೆ ಆ ಋಣವನ್ನು ತೀರಿಸುವ ದಾರಿಯೂ ಇರುತ್ತದೆ.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಳೆದ ಎರಡು ಶತಮಾನಗಳಲ್ಲಿ ಈ ಸೀಮೆಯ ದಾಖಲೆ ಕರಣಿಕನ ಅಟ್ಟದಿಂದ ಲೆಕ್ಕಿಗನ ಚೀಲಕ್ಕೆ, ಅಲ್ಲಿಂದ ತಾಲ್ಲೂಕಿನ ಗಣಕಕ್ಕೆ, ಅಲ್ಲಿಂದ ರಾಜಧಾನಿಯ ದತ್ತಾಂಶ ಕೇಂದ್ರಕ್ಕೆ ಸರಿದಿದೆ. ಪ್ರತಿ ಹೆಜ್ಜೆಯಲ್ಲೂ ಅದು ಒಂದು ಮನೆತನದ ಹಿಡಿತದಿಂದ ಬಿಡುಗಡೆ ಪಡೆದಿದೆ. ಜೊತೆಗೆ ಊರಿನ ಕಣ್ಣಳವಿನಿಂದಲೂ ದೂರವಾಗಿದೆ. ಹಿಂದಿನ ಸಾಮೀಪ್ಯವನ್ನು ಮರಳಿ ಬಯಸುವುದು ಹಿಂದಿನ ಅಸಮಾನತೆಯನ್ನೂ ಬಯಸಿದಂತೆ. ಇಂದಿನ ದೂರವನ್ನು ಒಪ್ಪಿಕೊಳ್ಳುವುದು ಹಳ್ಳಿಯನ್ನು ಕಾಯುವ ಸಾಲಿನಲ್ಲಿಯೇ ನಿಲ್ಲಿಸಿದಂತೆ. ವಿದ್ಯೆಯನ್ನು ಹತ್ತಿರ ತರುವುದು, ಆದರೆ ಹುಟ್ಟಿನ ಷರತ್ತಿಲ್ಲದೆ ತರುವುದು, ಇದೊಂದೇ ಉಳಿದ ದಾರಿ. ಸಮುದಾಯ ಕಾಲೇಜಿನ ಕಲ್ಪನೆಯಲ್ಲಿರುವ ನಿಜವಾದ ಸತ್ವ ಇದೇ.

ಅದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನ ಒಂದು ಕೋಣೆ, ಬಳಸಿ ಬಿಟ್ಟ ಕೆಲವು ಗಣಕಗಳು, ಸ್ವತಂತ್ರ ತಂತ್ರಾಂಶ, ಸಂಜೆಯ ತರಗತಿ, ಕನ್ನಡದಲ್ಲಿ ಬರೆದ ದೋಷಶೋಧನೆಯ ಕೈಪಿಡಿ, ಹೋಬಳಿಯ ನಾಡಕಚೇರಿ ಮತ್ತು ಪಂಚಾಯಿತಿಯಲ್ಲಿ ಕೆಲವು ತಿಂಗಳ ಅಭ್ಯಾಸ ಇಷ್ಟಿದ್ದರೆ ಆರಂಭಿಸಬಹುದು. 1823ರ ಪಟ್ಟಿಯಲ್ಲಿ 6,641 ಮಂದಿಯ ನಡುವೆ 60 ಹೆಣ್ಣುಮಕ್ಕಳಿದ್ದರು. ಮುಂದೆ ಯಾರಾದರೂ ಈ ಸೀಮೆಯ ಸರ್ವರ್ ಕಾಪಿನವರ ಪಟ್ಟಿ ಮಾಡುವಾಗ ಆ ಅನುಪಾತ ಮರುಕಳಿಸದಂತೆ ನೋಡಿಕೊಳ್ಳುವುದು ಈಗಿನವರ ಕೈಯಲ್ಲಿದೆ. ಗ್ರಾಮದ ದಾಖಲೆಯನ್ನು ಕಾಯುವ ವಿದ್ಯೆ ಗ್ರಾಮದ ಎಲ್ಲರ ಮಕ್ಕಳಿಗೂ ದೊರೆಯಬೇಕು ಎಂಬ ಮಾತು ಈ ಪ್ರದೇಶದ ಚರಿತ್ರೆಯಲ್ಲಿ ಇನ್ನೂ ಈಡೇರದೆ ಉಳಿದಿರುವ ಒಂದು ಬೇಡಿಕೆ.